ಬಟ್ಟೆ ಎಲ್ಲಿ ಒಣಗಿಸ್ತೀರಿ? ಕಟ್ಟಡದ ವಿಮರ್ಶೆ ಬರೆಯೋದಕ್ಕೂ ತಿದ್ದೋದಕ್ಕೂ ಒಂದು ಸಮಗ್ರ ಮಾರ್ಗದರ್ಶಿ

ಹೋದ ವರ್ಷ ಆರ್ಕಿಟೆಕ್ಚರ್ ಓದ್ತಿರೋ ಹುಡುಗಿ ಒಬ್ಳು ಲೇಖನ ಕಳಿಸಿ, ತಿದ್ದಿಕೊಡಿ ಅಣ್ಣ ಅಂದ್ಲು. ಕೊಡಗಿನ ಕಕ್ಕಬ್ಬೆ ಕಡೆ ಹೊಸದಾಗಿ ಎದ್ದಿರೋ ಒಂದು ಹೋಂಸ್ಟೇ ಬಗ್ಗೆ, ಒಂಬೈನೂರು ಪದ. "ಪ್ರಕೃತಿಯ ಮಡಿಲಲ್ಲಿ" ಇತ್ತು, "ಸಂಪ್ರದಾಯ ಹಾಗೂ ಆಧುನಿಕತೆಯ ಅಪೂರ್ವ ಸಂಗಮ" ಇತ್ತು, "ಕಣ್ಮನ ತಣಿಸುವ" ಎರಡು ಸಲ ಇತ್ತು. ಪೂರ್ತಿ ಓದಿದ್ಮೇಲೂ ಆ ಮನೆಗೆ ಎಷ್ಟು ಬಾಗಿಲು, ನೆಲ ಯಾವುದ್ರದ್ದು, ಮಾಡಿನ (ಛಾವಣಿಯ) ನೀರು ಯಾವ ಕಡೆ ಬೀಳುತ್ತೆ, ಒಂದೂ ಗೊತ್ತಾಗ್ಲಿಲ್ಲ. ಫೋನ್ ಮಾಡಿ ಒಂದೇ ಪ್ರಶ್ನೆ ಕೇಳ್ದೆ, ಅಲ್ಲಿ ಬಟ್ಟೆ ಎಲ್ಲಿ ಒಣಗಿಸ್ತಾರಮ್ಮ? ಆ ಕಡೆಯಿಂದ ಸದ್ದಿಲ್ಲ. ಎರಡು ವಾರ ಬಿಟ್ಟು ಮತ್ತೆ ಹೋಗಿ ನೋಡ್ಕೊಂಡು ಬಂದ್ಲು. ಜನರೇಟರ್ ರೂಮಲ್ಲಿ ಹಗ್ಗ ಕಟ್ಟಿ ಬೆಡ್‌ಶೀಟ್ ಹಾಕ್ತಾರಂತೆ, ಎಷ್ಟು ತೊಳೆದ್ರೂ ಡೀಸೆಲ್ ವಾಸನೆ ಹೋಗಲ್ಲ ಅಂತ ಕೆಲಸದ ಅಕ್ಕ ಗೊಣಗಿದ್ರಂತೆ. ಲೇಖನ ಅಲ್ಲಿಂದ ಶುರುವಾಯ್ತು.

ಆ ಲೇಖನ ತಿದ್ದೋವಾಗ ಅವಳಿಗೆ ಹೇಳಿದ್ದು, ಅದಕ್ಕೂ ಮುಂಚೆ ನಾನೇ ಎಡವಿ ಕಲ್ತಿದ್ದು, ಎಲ್ಲಾ ಒಂದು ಕಡೆ ಬರೆದಿಡ್ತಿದ್ದೀನಿ. ನಾನು ಆರ್ಕಿಟೆಕ್ಟ್ ಅಲ್ಲ. ಸೋಮವಾರಪೇಟೆ ಕಡೆಯವನು, ಈಗ ಮಡಿಕೇರೀಲಿ ಇದ್ದೀನಿ, ಕೊಡವ ತಕ್ಕ್, ಅಂದ್ರೆ ಕೊಡವರ ಭಾಷೆ, ಅರ್ಥ ಆಗುತ್ತೆ, ಮಾತಾಡಿದ್ರೆ ನಗ್ತಾರೆ. ಕಟ್ಟಡಗಳ ಬಗ್ಗೆ ಬರೆಯೋದು, ಬೇರೆಯೋರು ಬರೆದಿದ್ದನ್ನ ತಿದ್ದೋದು, ಇಷ್ಟೇ ನನ್ನ ಬಂಡವಾಳ.

ಮೊದಲು ಒಂದು ಮಾತು, ವಿಮರ್ಶೆ ಅಂದ್ರೆ ಬೈಯೋದಲ್ಲ

ಬ್ರೋಷರ್ ಬರೆಯೋದೂ ವಿಮರ್ಶೆ ಅಲ್ಲ. ಕಟ್ಟಡ ಯಾರಿಗೋಸ್ಕರ ಆಗಿದೆ, ಅವರಿಗೆ ಅದ್ರಿಂದ ಏನು ಸಿಕ್ತು, ಏನು ಸಿಗ್ಲಿಲ್ಲ, ಯಾಕೆ, ಇಷ್ಟನ್ನ ಓದುಗನ ಕೈ ಹಿಡ್ಕೊಂಡು ತೋರಿಸೋದು. ಇದನ್ನ ಒಂದು ಫುಲ್‌ಟೈಮ್ ಕೆಲಸ ಅಂತ ದಿನಪತ್ರಿಕೆಯವರು ಒಪ್ಕೊಂಡಿದ್ದೇ ತಡವಾಗಿ. 1963ರಲ್ಲಿ ನ್ಯೂಯಾರ್ಕ್ ಟೈಮ್ಸ್ ಅಡಾ ಲೂಯಿಸ್ ಹಕ್ಸ್‌ಟೇಬಲ್ ಅನ್ನೋರನ್ನ ಇದಕ್ಕೆ ಅಂತಲೇ ತಗೊಳ್ತು, 1970ರಲ್ಲಿ ವಿಮರ್ಶೆಗೆ ಪುಲಿಟ್ಜರ್ ಪ್ರಶಸ್ತಿ ಕೊಡೋಕೆ ಶುರು ಮಾಡಿದಾಗ ಮೊದಲನೇದು ಅವರಿಗೇ ಹೋಯ್ತು. ಅದೇ 1963ರಲ್ಲಿ ಅದೇ ಊರಿನ ಪೆನ್ ಸ್ಟೇಷನ್ ಒಡೆಯೋಕೆ ಶುರು ಮಾಡಿದ್ರು, ಭಾರಿ ರೈಲು ನಿಲ್ದಾಣ ಅದು, ಆ ಸಿಟ್ಟಿನ ಬಿಸಿ ಆರೋ ಮೊದಲೇ 1965ರಲ್ಲಿ ಹಳೇ ಕಟ್ಟಡ ಉಳಿಸೋ ಕಾನೂನು ಬಂತು. ಆ ಪತ್ರಿಕೆ ಓದ್ತಿದ್ದೋರು ಇಂಜಿನಿಯರ್‌ಗಳಲ್ಲ, ಆ ರೈಲು ಹತ್ತಿ ಇಳಿಯೋ ಜನ. ನಿಮ್ಮ ಓದುಗರೂ ಅಂಥವರೇ ಅಂದ್ಕೊಂಡು ಬರೀರಿ.

ರೋಮ್‌ನ ವಿಟ್ರೂವಿಯಸ್ ಅನ್ನೋ ಆರ್ಕಿಟೆಕ್ಟ್ ಎರಡು ಸಾವಿರ ವರ್ಷದ ಹಿಂದೆ ಕಟ್ಟಡಕ್ಕೆ ಮೂರು ಇರಬೇಕು ಅಂದಿದ್ದ, ಗಟ್ಟಿತನ, ಉಪಯೋಗ, ಚೆಲುವು. ಅವನು ಮಡಿಕೇರಿಗೆ ಬಂದಿರ್ಲಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೇಲೆ ಮಳೆ ಬೀಳೋ ಊರಲ್ಲಿ ನಾಲ್ಕನೇದು ಒಂದು ಸೇರಿಸ್ಬೇಕು: ಒಣಗುತ್ತಾ?

ಹೆಜ್ಜೆ 1: ಕಟ್ಟಡ ಆರಿಸ್ಬೇಡಿ, ಪ್ರಶ್ನೆ ಆರಿಸಿ

"ಮಡಿಕೇರಿ ಕೋಟೆ ಬಗ್ಗೆ ಬರೀತೀನಿ" ಅಂತ ಹೊರಟ್ರೆ ಕೊನೆಗೆ ಬರೋದು ಟೂರಿಸ್ಟ್ ಬೋರ್ಡಿನ ಬರಹವೇ. ಬದಲಿಗೆ ಒಂದು ಪ್ರಶ್ನೆ ಇಟ್ಕೊಳ್ಳಿ, ಅರಮನೆಯಾಗಿದ್ದ ಕಟ್ಟಡ ಆಫೀಸಾದಾಗ ಅದಕ್ಕೆ ಏನಾಗುತ್ತೆ? ಈ ಪ್ರಶ್ನೆ ಹಿಡ್ಕೊಂಡು ಹೋದ್ರೆ ಕೋಟೆ ಒಳಗಿನ ಅರಮನೆಯ ಮುಂದೆ 1933ರಲ್ಲಿ ಸೇರಿಸಿದ ಗಡಿಯಾರದ ಗೋಪುರ, ಪೋರ್ಟಿಕೋ ತಾನಾಗೇ ಕಣ್ಣಿಗೆ ಬೀಳುತ್ತೆ. ಆ ಪೋರ್ಟಿಕೋ ಕಟ್ಟಿದ್ದು ಯಾಕೆ ಗೊತ್ತಾ, ಕಮಿಷನರ್ ಸಾಹೇಬರ ಕಾರು ನಿಲ್ಸೋಕೆ. ರಾಜ ಇದ್ದ ಮನೆ ಬಾಗಿಲಿಗೆ ಕಾರು ನೆನೆಯಬಾರ್ದು ಅಂತ ಒಂದು ಮಾಡು. ಅಧಿಕಾರ ಕೈ ಬದಲಾಯಿಸಿದ ಕಥೆ ಪೂರ್ತಿ ಆ ಒಂದು ಮಾಡಿನ ಕೆಳಗಿದೆ, ಇದನ್ನ ಬಿಟ್ಟು "ಭವ್ಯ ಅರಮನೆ" ಅಂತ ಬರೆದ್ರೆ ಏನು ಬಂತು?

ಪ್ರಶ್ನೆ ಒಂದೇ ವಾಕ್ಯದಲ್ಲಿ ಇರ್ಲಿ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಆಮೇಲೆ ಬದಲಾದ್ರೂ ಪರವಾಗಿಲ್ಲ, ಬದಲಾಗದೇ ಇದ್ರೆ ನೀವು ಸರಿಯಾಗಿ ನೋಡಿಲ್ಲ ಅಂತ ಅನುಮಾನ ಪಡಿ.

ಹೆಜ್ಜೆ 2: ಮೂರು ಸಲ ಹೋಗಿ, ಅದ್ರಲ್ಲಿ ಒಂದು ಸಲ ಕಕ್ಕಡದಲ್ಲಿ

ಡಿಸೆಂಬರ್ ಬಿಸಿಲಲ್ಲಿ ಕೊಡಗಿನ ಎಲ್ಲಾ ಕಟ್ಟಡಗಳೂ ಚೆನ್ನಾಗೇ ಕಾಣ್ತವೆ. ಫೋಟೋ ತೆಗೆಯೋರೂ ಆಗಲೇ ಬರ್ತಾರೆ, ಉದ್ಘಾಟನೆನೂ ಆಗಲೇ. ಕಕ್ಕಡ ಅಂದ್ರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಜಡಿಮಳೆ ಹಿಡ್ಕೊಂಡು ಬಿಡದೇ ಹೊಡೆಯುವಾಗ ಹೋಗಿ, ಛತ್ರಿ ಮಡಚಿ ಎಲ್ಲಿ ಇಡೋದು ಅಂತ ಹುಡುಕಿ. ಇಡೋಕೆ ಜಾಗ ಇಲ್ಲ ಅಂದ್ರೆ ನಿಮ್ಮ ವಿಮರ್ಶೆಯ ಮೊದಲ ಸಾಲು ಸಿಕ್ತು ಅಂತಲೇ.

ಮಳೇಲಿ ನೋಡ್ಬೇಕಾದ್ದು ಸೋರೋದು ಒಂದೇ ಅಲ್ಲ. ಸೂರಿನಿಂದ ಬಿದ್ದ ನೀರು ನೆಲಕ್ಕೆ ಬಡಿದು ಗೋಡೆಗೆ ಎಷ್ಟು ಎತ್ತರದವರೆಗೆ ಕೆಸರು ಹಾರಿಸಿದೆ, ಎರಚಲು ವರಾಂಡದೊಳಗೆ ಎಷ್ಟು ಅಡಿ ಬರುತ್ತೆ, ಯಾವ ಗೋಡೆ ಪಾಚಿ ಕಟ್ಟಿದೆ, ಬೀರು ಹಿಂದೆ ಬೂಷ್ಟು ಇದೆಯಾ, ಆರ್‌ಸಿಸಿ ಸ್ಲ್ಯಾಬ್ ಮೇಲೆ ಆಮೇಲೆ ಶೀಟ್ ಹೊದಿಸಿದ್ದಾರಾ. ಈ ಶೀಟ್ ವಿಷಯ ಸ್ವಲ್ಪ ಹೇಳ್ಬೇಕು, ನಮ್ಮ ಕಡೆ ಫ್ಲಾಟ್ ಮಾಡಿನ ಮನೆ ಕಟ್ಟಿ, ಎರಡು ಮಳೆಗಾಲ ಕಂಡ್ಮೇಲೆ ಕಬ್ಬಿಣದ ಟ್ರಸ್ ನಿಲ್ಲಿಸಿ ನೀಲಿ ಶೀಟ್ ಹಾಕಿಸ್ಕೊಳ್ಳೋರು ಎಷ್ಟು ಜನ ಇದ್ದಾರೆ, ಒಂದು ರೌಂಡ್ ಹೋದ್ರೆ ಗೊತ್ತಾಗುತ್ತೆ. ಆ ಶೀಟನ್ನ ನೋಡಿ ಕುರೂಪ ಅಂತ ಬರೆಯೋರು ಇದ್ದಾರೆ. ನನ್ನ ಪ್ರಕಾರ ಆ ಶೀಟೇ ಅಸಲಿ ವಿಮರ್ಶೆ, ಮನೆಯವರು ಸ್ವಂತ ದುಡ್ಡಲ್ಲಿ ಬರೆದಿರೋದು.

ಎರಡನೇ ಭೇಟಿ ಬಿಸಿಲಲ್ಲಿ, ಬೆಳಕು ಒಳಗೆ ಎಲ್ಲಿವರೆಗೆ ಬರುತ್ತೆ ನೋಡೋಕೆ. ಮೂರನೇದು ಜನ ತುಂಬಿರುವಾಗ. ಐನ್‌ಮನೆ (ಕೊಡವ ಕುಟುಂಬದ ಮೂಲ ಮನೆ) ಆದ್ರೆ ಸುಗ್ಗಿ ಹಬ್ಬ ಪುತ್ತರಿ ದಿನ, ಒಕ್ಕದವರೆಲ್ಲ, ಅಂದ್ರೆ ಆ ಕುಟುಂಬದವರೆಲ್ಲ ಸೇರಿ ಕದಿರು ತೆಗೆಯೋಕೆ ಗದ್ದೆಗೆ ಹೊರಡೋ ಹೊತ್ತಲ್ಲಿ ಆ ಮನೆ ಹೇಗೆ ತುಂಬ್ಕೊಳ್ಳುತ್ತೆ ಅಂತ ನೋಡಿದ್ರೆ, ಉಳಿದ ದಿನ ಖಾಲಿ ಹೊಡೆಯೋ ಆ ಅಳತೆಗಳೆಲ್ಲ ಯಾಕೆ ಅಂತ ಅರ್ಥ ಆಗುತ್ತೆ. ಕರೆದ್ರೆ ಮಾತ್ರ ಹೋಗಿ, ನುಗ್ಗಬೇಡಿ. ಕನ್ನಿಕೊಂಬರೆ (ಪೂಜೆಯ ಕೋಣೆ), ಕೈಮಡ (ಹಿರಿಯರ ಗುಡಿ) ಇವುಗಳ ಫೋಟೋಗೆ ಒಕ್ಕದ ಹಿರಿಯರಾದ ಪಟ್ಟೆದಾರರನ್ನ ಕೇಳಿ, ಬೇಡ ಅಂದ್ರೆ ಬೇಡ.

ಹೆಜ್ಜೆ 3: ನೋಟ್ಸಲ್ಲಿ ಅಭಿಪ್ರಾಯ ಬರೀಬೇಡಿ

ಟೇಪ್, ನೋಟ್‌ಬುಕ್, ಪೆನ್ಸಿಲ್. ಪೆನ್ ಮಳೇಲಿ ಹರಡುತ್ತೆ. ನಿಮ್ಮ ಒಂದು ಹೆಜ್ಜೆ ಎಷ್ಟು ಅಡಿ ಅಂತ ಮನೇಲೇ ಅಳೆದಿಟ್ಕೊಳ್ಳಿ, ಟೇಪ್ ತೆಗೆಯೋಕೆ ಮುಜುಗರ ಆಗೋ ಕಡೆ ಹೆಜ್ಜೆ ಎಣಿಸಿದ್ರಾಯ್ತು. ಕೆಟ್ಟದಾದ್ರೂ ಸರಿ ಒಂದು ಪ್ಲಾನ್ ಗೀಚಿ, ಗೀಚುವಾಗ ಕಾಣೋದು ಫೋಟೋ ತೆಗೆಯುವಾಗ ಕಾಣಲ್ಲ.

ಒಂದು ಐನ್‌ಮನೆಗೆ ಹೋದಾಗ ನಾನು ಬರ್ಕೊಂಡಿದ್ದು ಹೀಗಿದೆ, ತಿದ್ದದೇ ಕೊಡ್ತಿದ್ದೀನಿ (ಕಳ ಅಂದ್ರೆ ಮನೆ ಮುಂದಿನ ಅಂಗಳ, ಕಯ್ಯಾಲೆ ಅಂದ್ರೆ ವರಾಂಡ, ಐಮರ ಅಂದ್ರೆ ಕಂಬಗಳ ನಡುವೆ ಕೂರೋಕೆ ಹಾಕಿರೋ ಹಲಗೆ): "ಓಣಿ. ಎರಡೂ ಕಡೆ ಮಣ್ಣಿನ ಗೋಡೆ, ಭುಜದವರೆಗೆ, ಮೇಲೆ ಜರಿಗಿಡ. ಎರಡು ತಿರುವು. ಮನೆ ಕಾಣ್ತಿಲ್ಲ. ನಾಯಿ ಬೊಗಳಿತು, ಅಂದ್ರೆ ಒಳಗಿನವರಿಗೆ ನಾನು ಬರೋದು ಗೊತ್ತಾಯ್ತು. ಕಳ. ತಟ್ಟನೆ ಬೆಳಕು. ಮೆಟ್ಟಿಲು ಹತ್ತಿ ಕಯ್ಯಾಲೆ. ಐಮರ ಒಂದೇ ಹಲಗೆ, ಎರಡು ಗೇಣಿಗಿಂತ ಜಾಸ್ತಿ ಅಗಲ, ನಡುವಲ್ಲಿ ಸವೆದು ತಗ್ಗಾಗಿದೆ, ತುದಿಗಳಲ್ಲಿ ಇಲ್ಲ. ಮುಟ್ಟಿದ್ರೆ ತಣ್ಣಗೆ, ನುಣ್ಣಗೆ. ಅಜ್ಜ ಅಲ್ಲೇ ಕೂತಿದ್ರು, ನನಗೆ ಪಕ್ಕದ್ದು ತೋರಿಸಿದ್ರು, ಅದೇ ಹಲಗೆಯಲ್ಲ."

ಇದ್ರಲ್ಲಿ ಸುಂದರ, ಭವ್ಯ, ಪುರಾತನ ಯಾವ್ದೂ ಇಲ್ಲ. ಆದ್ರೆ ನೋಡಿ, ಓಣಿ ಬಂದವನನ್ನ ನಿಧಾನ ಮಾಡುತ್ತೆ, ಮನೆಯವರಿಗೆ ಎದ್ದು ಕೂರೋಕೆ ಟೈಮ್ ಕೊಡುತ್ತೆ, ಐಮರದ ಮೇಲೆ ಯಾರು ಕೂರ್ಬೇಕು ಅನ್ನೋದಕ್ಕೆ ಕ್ರಮ ಇದೆ, ಆ ಕ್ರಮಕ್ಕೆ ಮರವೇ ಸಾಕ್ಷಿ, ನಡುವಲ್ಲಿ ಸವೆದಿದೆ ತುದಿಯಲ್ಲಿ ಇಲ್ಲ. ಈ ತೀರ್ಮಾನಗಳೆಲ್ಲ ಮನೆಗೆ ಬಂದ್ಮೇಲೆ ಹುಟ್ಟಿದ್ದು. ಸ್ಥಳದಲ್ಲೇ "ಆತಿಥ್ಯದ ಸಂಕೇತ" ಅಂತ ಬರ್ಕೊಂಡು ಬಂದಿದ್ರೆ ತಗ್ಗು ನೋಡೋಕೆ ಬಗ್ತಿರ್ಲಿಲ್ಲ ನಾನು.

ಒಳಗಡೆ ನೆಲ್ಲಕ್ಕಿ ನಡುಬಾಡೆ (ನಡುಮನೆ), ತೂಗು ದೀಪ, ನೈಋತ್ಯ ಮೂಲೆಯ ಕನ್ನಿಕೊಂಬರೆ, ಇವನ್ನೆಲ್ಲ ಆ ಮನೆಯವರು ಕರೆಯೋ ಹೆಸರಲ್ಲೇ ಬರೀರಿ. ನಡುಬಾಡೆಗೆ "ಲಿವಿಂಗ್ ರೂಮ್" ಅಂದ್ರೆ ದೀಪ ಆರಿಹೋಗುತ್ತೆ.

ಹೆಜ್ಜೆ 4: ಯಾರನ್ನ ಕೇಳೋದು

ಓನರ್ ಮತ್ತೆ ಡಿಸೈನ್ ಮಾಡಿದವ್ರು ಇಬ್ರನ್ನ ಕೊನೆಗೆ ಕೇಳಿ. ಅವರು ಕಟ್ಟಡದ ಬಗ್ಗೆ ಹೇಳೋ ಕಥೆ ಎಷ್ಟು ಚೆನ್ನಾಗಿರುತ್ತೆ ಅಂದ್ರೆ, ಒಂದ್ಸಲ ಕಿವಿಗೆ ಬಿದ್ರೆ ಕಣ್ಣು ಕೆಲಸ ಮಾಡೋದು ನಿಲ್ಸುತ್ತೆ. ಮೊದಲು ನೆಲ ಒರೆಸೋರು, ಅಡುಗೆಯೋರು, ಮೇಸ್ತ್ರಿ, ಬಡಗಿ. ಪ್ರಶ್ನೆಗಳು ಸಣ್ಣವಿರ್ಲಿ. ಬಟ್ಟೆ ಎಲ್ಲಿ ಒಣಗಿಸ್ತೀರಿ. ಸೌದೆ ಎಲ್ಲಿಡ್ತೀರಿ. ಕರೆಂಟ್ ಹೋದ್ರೆ ಯಾವ ರೂಮಲ್ಲಿ ಕೂರ್ತೀರಿ (ಮಳೆಗಾಲದಲ್ಲಿ ನಮ್ಮಲ್ಲಿ ಹೋಗದ ದಿನ ಇಲ್ಲ). ಯಾವ ಬಾಗಿಲು ಉಬ್ಬಿ ಹಿಡ್ಕೊಳ್ಳುತ್ತೆ. "ಈ ಮನೆ ಹೇಗಿದೆ?" ಅಂತ ಕೇಳಿದ್ರೆ "ಚೆನ್ನಾಗಿದೆ ಸಾರ್" ಅನ್ನೋದು ಬಿಟ್ಟು ಬೇರೆ ಉತ್ತರ ಬರಲ್ಲ.

ಎಸ್ಟೇಟ್ ಬಂಗ್ಲೆ ಬಗ್ಗೆ ಬರೀತಿದ್ರೆ ಹಿಂದಿನ ದಾರಿಯಲ್ಲಿ ನಡೆದು ಕೂಲಿಯವರು ಇರೋ ಲೈನ್‌ಮನೆವರೆಗೂ ಹೋಗಿ. ಬಂಗ್ಲೆ ಅಳೆದ ಟೇಪಲ್ಲೇ ಲೈನ್‌ಮನೆಯ ಒಂದು ಕೋಣೆ ಅಳೆದು ಎರಡೂ ಅಂಕಿ ಪಕ್ಕಪಕ್ಕ ಬರೀರಿ. ಭಾಷಣ ಮಾಡೋದೇ ಬೇಡ.

2018ರ ಆಗಸ್ಟಲ್ಲಿ ಗುಡ್ಡ ಜರಿದ್ಮೇಲೆ ಮನೆ ಕಳ್ಕೊಂಡೋರಿಗೆ ಕಟ್ಟಿಕೊಟ್ಟ ಹೊಸ ಬಡಾವಣೆಗಳ ಬಗ್ಗೆ ಬರೆಯೋರಿಗೆ ಒಂದು ಕಿವಿಮಾತು. ಅವರ ಕಣ್ಣೀರಿಂದ ಶುರು ಮಾಡ್ಬೇಡಿ, ಆ ರಾತ್ರಿ ಏನಾಯ್ತು ಅಂತ ಮತ್ತೆ ಮತ್ತೆ ಕೇಳಿ ಅವರೂ ಸುಸ್ತಾಗಿದ್ದಾರೆ. ಕೊಟ್ಟ ಮನೆಗೆ ಅವರೇ ಏನು ಸೇರಿಸ್ಕೊಂಡ್ರು ಅಂತ ನೋಡಿ, ಹಿಂದೆ ಒಂದು ಶೀಟಿನ ಇಳಿಜಾರು, ಒಲೆ ಹಾಕೋಕೆ ಜಾಗ, ಕೋಳಿಗೂಡು, ಮುಂದೆ ಕೂರೋಕೆ ಒಂದು ಸಿಮೆಂಟ್ ಕಟ್ಟೆ. ಪ್ಲಾನಲ್ಲಿ ಏನು ಮರೆತಿದ್ರು ಅನ್ನೋದರ ಲಿಸ್ಟ್ ಅದು. ಹಾಗೇ ಕಟ್ಟಡದ ಹಿಂದಿನ ಬರೆ, ಅಂದ್ರೆ ಗುಡ್ಡ ಕಡಿದು ಉಳಿದ ಮಣ್ಣಿನ ಗೋಡೆ, ನೋಡೋದು ಮರೀಬೇಡಿ, ಜೆಸಿಬಿ ಎಷ್ಟು ನೆಟ್ಟಗೆ ಕಡಿದಿದೆ, ಮೇಲಿನ ನೀರಿಗೆ ಚರಂಡಿ ಇದೆಯಾ, ಬರೆಗೂ ಗೋಡೆಗೂ ಎಷ್ಟು ಅಂತರ. ಕೊಡಗಲ್ಲಿ ಕಟ್ಟಡದ ಹಿಂಭಾಗವೇ ಮುಖ.

ಹೆಜ್ಜೆ 5: ತಾರೀಕು, ಹಂಚು, ಇತರೆ ಮೋಸಗಳು

"ಮುನ್ನೂರು ವರ್ಷದ ಮನೆ, ಅಂದಿನ ಹಂಚು ಇವತ್ತಿಗೂ ಹಾಗೇ ಇದೆ" ಅನ್ನೋ ವಾಕ್ಯ ನನ್ನ ಟೇಬಲ್ಲಿಗೆ ಎಷ್ಟು ಸಲ ಬಂದಿದೆಯೋ. ಒಂದು ಹಂಚು ತೆಗೆದು ಮಗುಚಿ ನೋಡಿ, ಹಿಂದೆ ಫ್ಯಾಕ್ಟರಿ ಅಚ್ಚು ಇರುತ್ತೆ. ಮಂಗಳೂರು ಹಂಚು ಅಂತ ನಾವು ಕರೆಯೋದನ್ನ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ತಯಾರು ಮಾಡೋಕೆ ಶುರು ಮಾಡಿದ್ದೇ 1865ರಲ್ಲಿ, ಅದಕ್ಕೆ ಮುಂಚೆ ಇಲ್ಲಿ ಹುಲ್ಲಿನ ಮಾಡುಗಳಿದ್ವು. ಮನೆ ಮುನ್ನೂರು ವರ್ಷದ್ದಿರಬಹುದು, ಮಾಡು ಅಲ್ಲ. ಇದು ತಪ್ಪು ಹಿಡಿಯೋ ಖುಷಿಗೆ ಹೇಳ್ತಿರೋದಲ್ಲ. ಹುಲ್ಲು ಹೋಗಿ ಹಂಚು ಬಂದಾಗ ಆ ಮನೆಯ ತೊಲೆ ಬದಲಾಯ್ತಾ, ಪ್ರತಿ ವರ್ಷ ಹುಲ್ಲು ಹೊದಿಸೋ ಕೆಲಸ ನಿಂತುಹೋಯ್ತಲ್ಲ, ಅದಕ್ಕೆ ಬರ್ತಿದ್ದ ಜನ ಏನಾದ್ರು, ಒಳ್ಳೇ ಕಥೆ ಅಡಗಿರೋದು ಅಲ್ಲೇ.

ಕಟ್ಟಡಕ್ಕೆ ಒಂದೇ ಹುಟ್ಟಿದ ದಿನ ಇರಲ್ಲ. ಮಡಿಕೇರಿ ಕೋಟೆಯನ್ನೇ ತಗೊಳ್ಳಿ, 17ನೇ ಶತಮಾನದ ಕೊನೆಯಲ್ಲಿ ಕೊಡಗಿನ ರಾಜ ಮುದ್ದುರಾಜನ ಮಣ್ಣಿನ ಕೋಟೆ, ಆಮೇಲೆ ಟಿಪ್ಪು ಕಲ್ಲಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟ, 1812ರಿಂದ 1814ರ ನಡುವೆ ಲಿಂಗರಾಜೇಂದ್ರ ಅರಮನೆ ಸರಿಮಾಡಿಸಿದ, 1834ರಲ್ಲಿ ಬ್ರಿಟಿಷರ ಕೈಗೆ ಹೋಯ್ತು, 1855ರಲ್ಲಿ ವೀರಭದ್ರ ದೇವಸ್ಥಾನ ತೆಗೆದು ಆ ಜಾಗದಲ್ಲಿ ಚರ್ಚ್ ಕಟ್ಟಿದ್ರು, ಈಗ ಆ ಚರ್ಚಲ್ಲಿ ಮ್ಯೂಸಿಯಂ ಇದೆ. ಆದ್ರೆ ನಾನು ಈಗ ಮಾಡಿದ ಹಾಗೆ ಎಲ್ಲಾನೂ ಒಂದೇ ಉಸಿರಲ್ಲಿ ಸುರೀಬೇಡಿ. ಲೇಖನದಲ್ಲಿ ಒಂದು ತಾರೀಕು ಬರ್ಬೇಕಾದ್ರೆ ಓದುಗ ಆ ಗೋಡೆ ಮುಂದೆ ನಿಂತಿರ್ಬೇಕು. ಚರ್ಚಿನ ಬಾಗಿಲ ಹತ್ರ ಬಂದಾಗ 1855, ಗಡಿಯಾರದ ಕೆಳಗೆ ನಿಂತಾಗ 1933. ಮೊದಲ ಪ್ಯಾರಾದಲ್ಲೇ ಇತಿಹಾಸ ಗುಡ್ಡೆ ಹಾಕಿದ್ರೆ ಓದೋರು ಅಲ್ಲೇ ಚಪ್ಪಲಿ ಹಾಕ್ಕೊಂಡು ಹೊರಟೋಗ್ತಾರೆ.

ಶೈಲಿಯ ಹೆಸರುಗಳೂ ಹಾಗೇ. ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನ ಅಂದ್ಕೂಡ್ಲೇ "ಇಸ್ಲಾಮಿಕ್ ಮತ್ತು ಗಾಥಿಕ್ ಶೈಲಿಗಳ ಮಿಶ್ರಣ" ಅಂತ ಬರೆದು ಮುಂದಕ್ಕೆ ಹೋಗ್ತಾರೆ. ಮಿಶ್ರಣ ಅಂದ್ರೆ ಏನು, ಮಿಕ್ಸಿನಾ? ಕಾಣೋದನ್ನ ಬರೀರಿ, ನಡುವೆ ಒಂದು ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು ಮಿನಾರು, ಮುಂದೆ ಕೆರೆ, ಕೆರೆ ನಡುವೆ ಮಂಟಪ, ಒಳಗೆ ಶಿವಲಿಂಗ. ಆಮೇಲೆ ಅದೇ ಬೆಳಿಗ್ಗೆ ಗದ್ದಿಗೆಗೆ ಹೋಗಿ ನಿಲ್ಲಿ, ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರರ ಸಮಾಧಿಗಳ ಹತ್ರ. ಮತ್ತೆ ಗುಮ್ಮಟ, ಮತ್ತೆ ಮಿನಾರು. ದೇವಸ್ಥಾನ 1820ರದ್ದು, ಲಿಂಗರಾಜೇಂದ್ರ ತೀರಿಕೊಂಡಿದ್ದೂ ಅದೇ ವರ್ಷ. ಒಂದೇ ರಾಜಮನೆತನ ದೇವರಿಗೂ ಸತ್ತವರಿಗೂ ಒಂದೇ ಥರದ ಮಾಡು ಕಟ್ಟಿಸಿತಲ್ಲ ಅನ್ನೋ ಪ್ರಶ್ನೆ ಎರಡೂ ಕಡೆ ನಿಂತವನಿಗೆ ಮಾತ್ರ ಹುಟ್ಟೋದು.

ಹೆಜ್ಜೆ 6: ಕಥೆ ಕಟ್ಟೋದು

ಗೇಟಿಂದ ಶುರು ಮಾಡಿ ರೂಮು ರೂಮು ಸುತ್ತಿಸಿ ಟೆರೇಸಿಗೆ ಹತ್ತಿಸಿ ಬೈ ಅನ್ನೋದು ಎಲ್ಲರೂ ಮಾಡೋ ಮೊದಲ ತಪ್ಪು, ಮನೆ ತೋರಿಸೋ ಬ್ರೋಕರ್ ಥರ. ಕಥೆಗೆ ಬೇಕಾಗಿರೋದು ಒಬ್ರು, ಅವರಿಗೆ ಒಂದು ಕೆಲಸ, ಆ ಕೆಲಸಕ್ಕೆ ಕಟ್ಟಡ ಕೊಡೋ ಸಹಾಯ ಇಲ್ಲ ತೊಂದರೆ. ಹೋಂಸ್ಟೇ ಲೇಖನದಲ್ಲಿ ಆ ಕೆಲಸದ ಅಕ್ಕ ಒದ್ದೆ ಬೆಡ್‌ಶೀಟ್ ಹಿಡ್ಕೊಂಡು ಮೂರನೇ ರೂಮಿಂದ ಜನರೇಟರ್ ರೂಮಿಗೆ ಹೋಗ್ತಾರೆ, ಅಷ್ಟೇ ಕಥೆ. ಅವರ ಹಿಂದೆ ನಾವು ಹೋಗ್ತೀವಿ. ದಾರೀಲಿ ವರಾಂಡ ಬರುತ್ತೆ, ಸಿಮೆಂಟ್ ಕಂಬ ಬರುತ್ತೆ, ಗಾಜಿನ ಗೋಡೆ ಬರುತ್ತೆ, ಬರೆ ಕಾಣುತ್ತೆ. ಹೇಳ್ಬೇಕಾದ್ದೆಲ್ಲ ಆ ಮೂವತ್ತು ಹೆಜ್ಜೆಯೊಳಗೇ ಇದೆ.

ತೀರ್ಪು ಎಲ್ಲಿ ಹೇಳೋದು? ಕೊನೇಲಿ ಜಡ್ಜ್ ಥರ ಹೇಳಿದ್ರೆ ಮಜಾ ಇರಲ್ಲ, ಮೊದಲಲ್ಲೇ ಹೇಳಿದ್ರೆ ಮುಂದಕ್ಕೆ ಓದಲ್ಲ. ನಾನು ಮೂರನೇ ಒಂದು ಭಾಗ ಆದ್ಮೇಲೆ, ಓದುಗ ಒಂದು ಸಲ ಒದ್ದೆ ಆದ್ಮೇಲೆ, ಒಂದೇ ವಾಕ್ಯದಲ್ಲಿ ಹೇಳ್ತೀನಿ. ಅದಾದ್ಮೇಲೆ ಆ ತೀರ್ಪಿಗೆ ಎದುರು ನಿಲ್ಲೋ ಒಂದು ವಿಷಯನ ಬೇಕಂತಲೇ ತಂದಿಡಿ. ಆ ಹೋಂಸ್ಟೇಯಲ್ಲಿ ಬೆಳಗಿನ ಬೆಳಕು ಅಡುಗೆಮನೆಗೆ ಬರೋ ರೀತಿ ನಿಜವಾಗ್ಲೂ ಚೆನ್ನಾಗಿತ್ತು, ಅಡುಗೆಯವರೇ ಹೇಳಿದ್ರು, ಲೈಟ್ ಹಾಕದೇ ಅಕ್ಕಿ ಆರಿಸ್ತೀವಿ ಅಂತ. ಅದನ್ನ ಬಿಟ್ರೆ ಓದುಗನಿಗೆ ನಿಮ್ಮ ಮೇಲೆ ನಂಬಿಕೆ ಹೋಗುತ್ತೆ.

ಹೆಜ್ಜೆ 7: ತಿದ್ದೋದು, ಇಲ್ಲೇ ಜಾಸ್ತಿ ಹೊತ್ತು ಕೂರ್ಬೇಕು

ಮೂರು ದಿನ ಬಿಟ್ಟು ಪ್ರಿಂಟ್ ತಗೊಂಡು ಕೂತ್ಕೊಳ್ಳಿ. ಆ ಹುಡುಗಿಯ ಲೇಖನದ ಒಂದು ಪ್ಯಾರಾ ಅವಳ ಒಪ್ಪಿಗೆ ತಗೊಂಡೇ ತೋರಿಸ್ತಿದ್ದೀನಿ. ಮೊದಲು ಬರೆದಿದ್ದು:

"ವಿಶಾಲವಾದ ವರಾಂಡವು ಅತಿಥಿಗಳನ್ನು ಆತ್ಮೀಯವಾಗಿ ಸ್ವಾಗತಿಸುತ್ತದೆ. ಐನ್‌ಮನೆಯ ಸೊಗಡನ್ನು ಮೈಗೂಡಿಸಿಕೊಂಡಿರುವ ಕಂಬಗಳು ನೋಡುಗರನ್ನು ಗತಕಾಲಕ್ಕೆ ಕರೆದೊಯ್ಯುತ್ತವೆ. ಆದರೆ ಮಳೆಗಾಲದಲ್ಲಿ ಸ್ವಲ್ಪ ಅನಾನುಕೂಲ ಉಂಟಾಗಬಹುದು."

ನಾಲ್ಕು ಸಲ ತಿದ್ದಿದ್ಮೇಲೆ ಆಗಿದ್ದು:

"ವರಾಂಡ ಎಂಟಡಿ ಅಗಲ. ಆರು ಕಂಬ, ಸಿಮೆಂಟಿನವು, ಮೇಲೆ ಮರದ ಬಣ್ಣ. ಐನ್‌ಮನೆಯಲ್ಲಿ ಕಂಬಗಳ ನಡುವೆ ಐಮರ ಇರುವ ಜಾಗದಲ್ಲಿ ಇಲ್ಲಿ ಸ್ಟೀಲ್ ರೇಲಿಂಗ್ ಇದೆ, ಕೂರಬೇಕೆಂದರೆ ಒಳಗಿನಿಂದ ಕುರ್ಚಿ ತರಬೇಕು. ಸೂರು ಕಂಬದ ಸಾಲಿನಿಂದ ಒಂದಡಿಯಷ್ಟೇ ಮುಂದೆ ಬಂದಿದೆ. ಜುಲೈ ಕೊನೆಯ ವಾರ ನಾನು ಹೋದಾಗ ಎರಚಲು ಅರ್ಧ ವರಾಂಡವನ್ನು ನೆನೆಸಿತ್ತು, ಕುರ್ಚಿಗಳನ್ನು ಗೋಡೆಗೆ ಒರಗಿಸಿ ಪ್ಲಾಸ್ಟಿಕ್ ಹೊದಿಸಿದ್ದರು. ಐನ್‌ಮನೆಯಿಂದ ಕಂಬ ತಂದರು, ಕೂರುವ ಜಾಗವನ್ನು ಅಲ್ಲೇ ಬಿಟ್ಟು ಬಂದರು."

ಏನೇನು ಆಯ್ತು ನೋಡಿ. "ವಿಶಾಲವಾದ" ಹೋಗಿ ಎಂಟಡಿ ಬಂತು. ಗುಣವಾಚಕ ಕಂಡಲ್ಲೆಲ್ಲ ಪೆನ್ಸಿಲಲ್ಲಿ ಸುತ್ತು ಹಾಕಿ, ಅದ್ರ ಜಾಗಕ್ಕೆ ಒಂದು ಅಳತೆನೋ, ಒಂದು ವಸ್ತುವಿನ ಹೆಸರೋ, ಯಾರೋ ಮಾಡ್ತಿರೋ ಒಂದು ಕೆಲಸನೋ ಬರುತ್ತಾ ನೋಡಿ, ಬರದಿದ್ರೆ ಪದವನ್ನೇ ಎತ್ತಿಬಿಡಿ. ವರಾಂಡ ಯಾರನ್ನೂ ಸ್ವಾಗತಿಸಲ್ಲ, ಕಂಬ ಯಾರನ್ನೂ ಎಲ್ಲಿಗೂ ಕರೆದೊಯ್ಯಲ್ಲ, ಮನುಷ್ಯರು ಮಾಡೋ ಕೆಲಸ ಗೋಡೆ ಕೈಲಿ ಮಾಡಿಸೋದು ಬ್ರೋಷರ್ ಚಾಳಿ. "ಅನಾನುಕೂಲ ಉಂಟಾಗಬಹುದು" ಅನ್ನೋದು ಹೆದರಿಕೆಯ ವಾಕ್ಯ, ಯಾರಿಗೆ ಉಂಟಾಯ್ತು, ಯಾವಾಗ, ನೀವು ನೋಡಿದ್ರಾ? ನೋಡಿದ್ರೆ ನೋಡಿದೆ ಅನ್ನಿ. ಇನ್ನು ಕೊನೇ ವಾಕ್ಯ ಅವಳದ್ದೇ, ನಾನು ಹೊಡೆದು ಹಾಕ್ಬೇಕು ಅಂತಿದ್ದೆ, ಸ್ವಲ್ಪ ಜಾಣ ವಾಕ್ಯ ಅದು. ಅವಳು ಜಗಳ ಆಡಿ ಉಳಿಸ್ಕೊಂಡ್ಲು, ಉಳಿಸ್ಕೊಂಡಿದ್ದು ಸರಿ, ಯಾಕಂದ್ರೆ ಅದಕ್ಕೆ ಮುಂಚಿನ ಐದು ವಾಕ್ಯ ಅದಕ್ಕೆ ಕೂಲಿ ಕೊಟ್ಟಿದ್ವು. ಆದ್ರೆ ಅಂಥದ್ದು ಒಂದು ಲೇಖನಕ್ಕೆ ಒಂದೇ. ಎರಡನೇದು ಬಂದ್ರೆ ಓದುಗ ಕಟ್ಟಡ ಬಿಟ್ಟು ನಿಮ್ಮನ್ನ ನೋಡೋಕೆ ಶುರು ಮಾಡ್ತಾನೆ.

ತಿದ್ದೋ ಕ್ರಮ ನಂದು ಹೀಗೆ. ಮೊದಲ ಸಲ ಬರೀ ಪ್ಯಾರಾಗಳನ್ನ ಮಾತ್ರ ನೋಡ್ತೀನಿ, ಪ್ರತಿ ಪ್ಯಾರಾ ಪಕ್ಕ "ಇಲ್ಲಿ ಓದುಗ ಎಲ್ಲಿ ನಿಂತಿದ್ದಾನೆ?" ಅಂತ ಬರೀತೀನಿ, ಉತ್ತರ ಇಲ್ಲದ ಪ್ಯಾರಾ ಸಾಮಾನ್ಯವಾಗಿ ಎಲ್ಲಿಂದಲೋ ಎತ್ತಿದ ಇತಿಹಾಸ ಆಗಿರುತ್ತೆ. ಎರಡನೇ ಸಲ ಗುಣವಾಚಕ. ಮೂರನೇ ಸಲ ಅಂಕಿ, ತಾರೀಕು, ಹೆಸರು, ಪ್ರತಿಯೊಂದಕ್ಕೂ ಎಲ್ಲಿಂದ ಬಂತು ಅಂತ ಮಾರ್ಜಿನಲ್ಲಿ ಇರ್ಬೇಕು, ನೋಟ್‌ಬುಕ್ ಪುಟ ಇಷ್ಟು, ಗೆಜೆಟಿಯರ್, ಕಲ್ಲಿನ ಬರಹ, ಹೀಗೆ. ನಾಲ್ಕನೇ ಸಲ ಜೋರಾಗಿ ಓದೋದು, ಮನೇಲಿ ಯಾರಾದ್ರೂ ಕೂತು ಕೇಳಿದ್ರೆ ಇನ್ನೂ ಒಳ್ಳೇದು, ನಮ್ಮನೇಲಿ ಅಮ್ಮ ಕೇಳ್ತಾರೆ, ಅವರು ಎದ್ದು ಒಲೆ ಕಡೆ ಹೋದ ಜಾಗದಲ್ಲಿ ಗೆರೆ ಹಾಕ್ತೀನಿ. ಎರಡು ಸಲ ಅದೇ ಜಾಗದಲ್ಲಿ ಎದ್ರೆ ಆ ಪ್ಯಾರಾ ಕತ್ತರಿಗೆ.

ಬೇರೆಯೋರ ಲೇಖನ ತಿದ್ದುವಾಗ ಒಂದು ಎಚ್ಚರ. ನಿಮ್ಮ ಥರ ಬರೆಸೋಕೆ ಹೋಗ್ಬೇಡಿ. ಪೆನ್ ಎತ್ತಿಕೊಳ್ಳೋ ಮುಂಚೆ ಪ್ರಶ್ನೆ ಕೇಳಿ. ನಾನು ಅವಳ ಲೇಖನದಲ್ಲಿ ಮೊದಲ ಸುತ್ತಿಗೆ ಒಂದು ಪದನೂ ಬದಲಾಯಿಸ್ಲಿಲ್ಲ, ಹದಿನೇಳು ಪ್ರಶ್ನೆ ಬರೆದು ಕಳಿಸ್ದೆ, ಅದ್ರಲ್ಲಿ ಹನ್ನೊಂದಕ್ಕೆ ಉತ್ತರ ಹುಡುಕೋಕೆ ಅವಳು ಮತ್ತೆ ಬಸ್ ಹತ್ತಿದ್ಲು.

ಹೆಜ್ಜೆ 8: ಅಚ್ಚಿಗೆ ಮುಂಚೆ ಒಂದು ಫೋನ್

ಇದನ್ನ ಕಲ್ತಿದ್ದು ಮಾನ ಕಳ್ಕೊಂಡು. ಕೆಲವು ವರ್ಷದ ಹಿಂದೆ ಮಡಿಕೇರಿ ಹತ್ರದ ಒಂದು ಕಟ್ಟಡದ ಬಗ್ಗೆ, ಸೂರು ಗಿಡ್ಡ ಇದೆ, ಗೋಡೆಯೆಲ್ಲ ಪಾಚಿ, ಡಿಸೈನ್ ಮಾಡಿದವ್ರಿಗೆ ಇಲ್ಲಿನ ಮಳೆಯ ಗಂಧಗಾಳಿನೇ ಇಲ್ಲ ಅಂತ ಬರೆದುಬಿಟ್ಟೆ. ಒಳ್ಳೇ ವಾಕ್ಯ ಅಂತ ನಾನೇ ಎರಡು ದಿನ ಖುಷಿ ಪಟ್ಕೊಂಡಿದ್ದೆ. ಮೂರನೇ ದಿನ ಆ ಡಿಸೈನರ್ ಏನೂ ಬೈಯದೇ ಒಂದು ಡ್ರಾಯಿಂಗ್ ಕಳಿಸಿದ್ರು, ಅದ್ರಲ್ಲಿ ಸೂರು ನಾಲ್ಕಡಿ ಇತ್ತು. ಕಟ್ಟುವಾಗ ಮಾಲೀಕರು ಮೇಲಿನ ರೂಮಿಂದ ಬೆಟ್ಟ ಕಾಣ್ಬೇಕು ಅಂತ ಎರಡೂವರೆ ಅಡಿ ಕಡಿಸಿದ್ರಂತೆ. ತಿದ್ದುಪಡಿ ಹಾಕಿದ್ವಿ, ಆದ್ರೆ ತಿದ್ದುಪಡಿ ಓದೋರು ಎಷ್ಟು ಜನ?

ಅವತ್ತಿಂದ ಕಳಿಸೋ ಮುಂಚೆ ಮೂರು ಪ್ರಶ್ನೆ ಕೇಳೇ ಕೇಳ್ತೀನಿ. ಡ್ರಾಯಿಂಗಲ್ಲಿ ಏನಿತ್ತು, ಕಟ್ಟುವಾಗ ಏನು ಬದಲಾಯ್ತು, ಯಾರು ಬದಲಾಯಿಸಿದ್ರು. ಕಟ್ಟಡದ ತಪ್ಪು ಒಬ್ಬರದ್ದು ಅಂತ ಇರೋದು ಕಡಿಮೆ, ಕಂಟ್ರಾಕ್ಟರ್, ಬ್ಯಾಂಕ್ ಲೋನ್, ಹಂಚಿನ ರೇಟು, ಮಾಲೀಕರ ಭಾವನ ಸಲಹೆ ಎಲ್ಲಾ ಸೇರಿರುತ್ತೆ. ಅದನ್ನ ಬರೆದ್ರೆ ಕಥೆ ಇನ್ನೂ ಚೆನ್ನಾಗೇ ಆಗುತ್ತೆ. ವರಾಂಡ ಇಕ್ಕಟ್ಟು ಅಂತ ನಿಮ್ಮ ತೀರ್ಪು ಧಾರಾಳವಾಗಿ ಹೇಳಿ, ಆದ್ರೆ ಪರವಾನಗಿ ಇಲ್ದೆ ಕಟ್ಟಿದ್ದಾರೆ ಅಂತ ಬರೀಬೇಕಾದ್ರೆ ಕಾಗದ ಕೈಯಲ್ಲಿ ಇರ್ಲಿ. ಫ್ರೀಯಾಗಿ ರೂಮ್ ಕೊಟ್ರೆ ತಗೋಬೇಡಿ. ಕಾಫಿ ಕುಡೀಬಹುದು, ಊಟಕ್ಕೆ ಎಬ್ಬಿಸಿದ್ರೆ ಬೇಡ ಅನ್ನೋಕೆ ಈ ಊರಲ್ಲಿ ಆಗಲ್ಲ, ತಿಂದ್ರೆ ತಿಂದೆ ಅಂತ ಲೇಖನದಲ್ಲಿ ಒಂದು ಸಾಲು ಹಾಕಿ.

ಹೆಜ್ಜೆ 9: ಫೋಟೋ, ಪ್ಲಾನ್

ಫೋಟೋ ಐದು ಸಾಕು, ಅದ್ರಲ್ಲಿ ಒಂದಾದ್ರೂ ಹಿಂಭಾಗದ್ದು, ಒಂದಾದ್ರೂ ಜನ ಇರೋದು. ಡ್ರೋನ್ ಫೋಟೋದಲ್ಲಿ ಎಲ್ಲಾ ಮನೆಗಳೂ ಹಸಿರು ನಡುವೆ ಕೆಂಪು ಚೌಕ, ಅದ್ರಿಂದ ಏನೂ ತಿಳಿಯಲ್ಲ. ನೀವು ಗೀಚಿದ ಪ್ಲಾನ್ ನೀಟಾಗಿ ಬರೆದು ಹಾಕಿ, ಉತ್ತರ ದಿಕ್ಕು, ಗಾಳಿ ಎರಚಲು ಬರೋ ದಿಕ್ಕು ಎರಡಕ್ಕೂ ಬಾಣ ಹಾಕಿ. ಕ್ಯಾಪ್ಷನಲ್ಲಿ ಫೋಟೋದಲ್ಲಿ ಕಾಣೋದನ್ನೇ ಮತ್ತೆ ಹೇಳ್ಬೇಡಿ, ಕಾಣದೇ ಇರೋದು ಹೇಳಿ. "ವರಾಂಡ" ಅಂತ ಯಾಕೆ, "ಬಲಗಡೆ ಬಾಗಿಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆಗೆಯಲ್ಲ" ಅನ್ನಿ.

ಹೆಜ್ಜೆ 10: ಮುಂದಿನ ಕಕ್ಕಡಕ್ಕೆ ಮತ್ತೆ ಹೋಗಿ

ಅಚ್ಚಾದ ಲೇಖನದ ಒಂದು ಕಾಪಿ ಓನರಿಗೆ, ಇನ್ನೊಂದು ಕಾಪಿ ನಿಮಗೆ ನಿಜ ಹೇಳಿದವರಿಗೆ. ಅವರ ಹೆಸರು ಹಾಕಿದ್ರೆ ಕೆಲಸಕ್ಕೆ ಕುತ್ತು ಬರುತ್ತಾ ಅಂತ ಮುಂಚೇನೇ ಕೇಳಿರ್ಬೇಕು, ಆ ಹುಡುಗಿ ಕೇಳಿದ್ಲು, ಅಕ್ಕ ಹೆಸರು ಬೇಡ ಅಂದ್ರು, ಹಾಕ್ಲಿಲ್ಲ.

ಈ ಜುಲೈಯಲ್ಲಿ ನಾವಿಬ್ರೂ ಆ ಹೋಂಸ್ಟೇಗೆ ಹೋಗಿದ್ವಿ. ಓನರ್ ಮುಖ ಗಂಟು ಹಾಕ್ಕೊಂಡೇ ಇದ್ರು, ಆದ್ರೂ ಕಾಫಿ ಕೊಟ್ರು. ವರಾಂಡ ಹಾಗೇ ಇದೆ, ರೇಲಿಂಗ್ ಹಾಗೇ ಇದೆ, ಕುರ್ಚಿಗಳಿಗೆ ಪ್ಲಾಸ್ಟಿಕ್ ಹೊದಿಸಿತ್ತು. ಹಿಂದುಗಡೆ ಅಡುಗೆಮನೆ ಗೋಡೆಗೆ ಆನಿಸಿ ಹತ್ತಡಿ ಉದ್ದದ ಒಂದು ಶೀಟಿನ ಇಳಿಜಾರು ಹೊಸದಾಗಿ ಬಂದಿತ್ತು, ಒಳಗೆ ಒಲೆಯ ಬಿಸಿ ತಾಗೋ ಕಡೆ ನಾಲ್ಕು ಸಾಲು ಹಗ್ಗ. ಬೆಡ್‌ಶೀಟ್ ಮೂಸಿ ನೋಡಿದ್ಲು ಅವಳು. ಸ್ವಲ್ಪ ಹೊಗೆ ವಾಸನೆ, ಡೀಸೆಲ್ ಇಲ್ಲ. ಟೇಪ್ ತೆಗೆದು ಅಳೆಯೋಕೆ ಶುರು ಮಾಡಿದ್ಲು.